ಸಹಿಯ ಜಾಗದಲ್ಲಿ ಚಿಕ್ಕಮ್ಮ

ಆ ಪರದೆ ಅಂಗಡಿಗೆ ಇದ್ದದ್ದು ಒಂದೇ ಒಂದು ಇಮೇಲ್ ವಿಳಾಸ. ಮನೆಮಂದಿಗೆಲ್ಲ ಒಂದೇ ಬಚ್ಚಲು ಇದ್ದ ಹಾಗೆ, ಯಾರಿಗೆ ಅವಸರವೋ ಅವರು ನುಗ್ಗುವುದು, ಕೆಲಸ ಮುಗಿಸಿ ಹೊರಬರುವುದು. ಕಂಪ್ಯೂಟರು ಬಟ್ಟೆ ಕತ್ತರಿಸುವ ಮೇಜಿನ ಪಕ್ಕದಲ್ಲೇ ಕೂತಿತ್ತು. ಕೀಬೋರ್ಡಿನ ಸಂದಿಯಲ್ಲಿ ದಾರದ ತುಣುಕುಗಳು, ಮೌಸಿನ ಮೇಲೆ ಸೀಮೆಸುಣ್ಣದ ಬೆರಳಚ್ಚು. ಬಂದ ಮೇಲ್‌ಗಳನ್ನು ಓದಿ ಉತ್ತರ ಬರೆಯುತ್ತಿದ್ದವಳು ಹೆಚ್ಚಾಗಿ ಚಿಕ್ಕಮ್ಮ. ಆದರೆ ಬರೆದವರು ಯಾರೇ ಆಗಲಿ, ಕೊನೆಯಲ್ಲಿ ತಾನಾಗಿ ಬಂದು ಕೂರುತ್ತಿದ್ದದ್ದು ಭಾವನವರ ಹೆಸರು. ಅದರ ಕೆಳಗೆ ‘ಯಜಮಾನರು’, ಅದರ ಕೆಳಗೆ ಅಂಗಡಿಯ ಫೋನ್ ನಂಬರು, ಅದರ ಕೆಳಗೆ ಎಂದೋ ಸತ್ತುಹೋದ ಇನ್ನೊಂದು ಫೋನ್ ನಂಬರು, ಕೊನೆಗೆ ‘ಕೂಡಲೇ ಉತ್ತರಿಸುವುದು’ ಎಂಬ ಅಪ್ಪಣೆ.

ಚಿಕ್ಕಮ್ಮ ಎಂದರೆ ಭಾವನ ತಮ್ಮನ ಹೆಂಡತಿ. ಭಾವನ ಮಕ್ಕಳು ಕರೆದದ್ದೇ ಅಂಗಡಿಗೂ ಅಂಟಿಕೊಂಡು, ಅವಳಿಗಿಂತ ವಯಸ್ಸಿನಲ್ಲಿ ಎಷ್ಟೋ ದೊಡ್ಡವರಾದ ಹೊಲಿಗೆಯವರೂ ಹಾಗೇ ಕರೆಯುತ್ತಿದ್ದರು. ಅಳತೆ ತೆಗೆಯುವವಳು ಅವಳು, ಬಟ್ಟೆ ಆರಿಸುವವಳು ಅವಳು, ಕತ್ತರಿ ಹಾಕುವವಳೂ ಅವಳೇ. ಅವಳ ಗಂಡ ಪರದೆಯ ಕಂಬಿ ಕೂರಿಸುವುದರಲ್ಲಿ ನಿಸ್ಸೀಮ. ಏಣಿ ಇಳಿದ ಮೇಲೂ ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡವನಂತೆ ಮಾತೇ ಆಡದವನು. ಇನ್ನು ಭಾವ ಏನು ಮಾಡುತ್ತಿದ್ದರು ಎಂದು ಕೇಳಬೇಡಿ. ಅವರು ಯಜಮಾನಿಕೆ ಮಾಡುತ್ತಿದ್ದರು. ಅದೂ ಒಂದು ಕೆಲಸವೇ, ಮಾಡುತ್ತಾ ಕೂತರೆ ದಿನ ಸಾಲದು.

ಹೀಗಿರುವಾಗ ಪೇಟೆಯ ದೊಡ್ಡ ರಂಗಮಂದಿರದವರು ವೇದಿಕೆಯ ಮುಂಪರದೆ ಬದಲಾಯಿಸಲು ಹೊರಟರು. ಚಿಕ್ಕಮ್ಮ ಗಂಡನನ್ನು ಕರೆದುಕೊಂಡು ಹೋಗಿ ಅಳತೆ ತೆಗೆದಳು. ವೇದಿಕೆಯ ನಡುವೆ ನಿಂತು ತಲೆಯೆತ್ತಿ ನೋಡಿದಳು. ಕಿಟಕಿಗೆ, ಬಾಗಿಲಿಗೆ, ಬಚ್ಚಲಿಗೆ ಪರದೆ ಹೊಲಿದು ಹೊಲಿದು ಬೇಸತ್ತ ಕೈ ಅದು. ಇಷ್ಟೆತ್ತರದ ಮಖಮಲ್ಲು, ಮೇಲಿಂದ ಕೆಳಗೆ ಇಳಿಬಿದ್ದ ನೆರಿಗೆ, ದೀಪ ಆರಿದ ಕೂಡಲೇ ಸಾವಿರ ಕಣ್ಣು ನೆಡುವ ಬಟ್ಟೆ, ಇದು ತನ್ನ ಕೈಯಿಂದಲೇ ಆಗಬೇಕು, ತನ್ನ ಮಾತಿನಂತೆಯೇ ಆಗಬೇಕು ಎಂದು ಅವಳು ಅಲ್ಲೇ ನಿಂತು ಆಸೆಪಟ್ಟಳು. ಅಂಗಡಿಗೆ ಬಂದು ಬಟ್ಟೆ, ಒಳಗಿನ ಅಸ್ತರು, ನೆರಿಗೆ ಎಲ್ಲವನ್ನೂ ವಿವರಿಸಿ ಉದ್ದನೆಯ ಮೇಲ್ ಬರೆದಳು. ಅದರ ಕೊನೆಗೆ ಭಾವ ಎಂದಿನಂತೆ ಬಂದು ಕೂತರು.

ಉತ್ತರ ಬಂತು. ‘ಸರ್, ನಿಮ್ಮ ವಿವರಣೆ ಬಹಳ ಚೆನ್ನಾಗಿದೆ. ನಿಮ್ಮ ಸಹಾಯಕಿ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಎಲ್ಲವನ್ನೂ ತೀರ್ಮಾನಿಸಲು ಮುಖ್ಯಸ್ಥರೇ ಬರಬೇಕು. ಯಾರು ಬರುತ್ತೀರಿ, ತಿಳಿಸಿ.’

ಸಹಾಯಕಿ ಎಂಬ ಮಾತು ಚಿಕ್ಕಮ್ಮನಿಗೆ ಮುಳ್ಳಿನಂತೆ ಚುಚ್ಚಿತು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಗಿರಾಕಿಯ ಎದುರು ಕೂತರೆ ಭಾವನ ಬಾಯಲ್ಲಿ ‘ಆಗಲ್ಲ’ ಎಂಬ ಮಾತೇ ಹೊರಡುತ್ತಿರಲಿಲ್ಲ. ಹಿಂದೊಮ್ಮೆ ಒಂದು ಆಸ್ಪತ್ರೆಯವರು ಬಟ್ಟೆ ಸ್ವಲ್ಪ ಉಳಿಸಬಹುದೇ ಎಂದು ಕೇಳಿದ್ದಕ್ಕೆ ಧಾರಾಳವಾಗಿ ತಲೆಯಾಡಿಸಿ ಬಂದಿದ್ದರು. ಮಂಚಗಳ ಸುತ್ತ ಕಟ್ಟಿದ ಪರದೆ ಎಷ್ಟು ಗಿಡ್ಡವಾಯಿತೆಂದರೆ, ನೋಡಲು ಬಂದ ನೆಂಟರು ರೋಗಿಗಳನ್ನು ಪಾದ ನೋಡಿಯೇ ಗುರುತು ಹಿಡಿಯುತ್ತಿದ್ದರು.

“ಭಾವ, ಮೇಲ್ ಕೆಳಗೆ ನನ್ನ ಹೆಸರೂ ಒಂದು ಇರ್ಲಿ. ಈ ಕೆಲಸದ ಮಟ್ಟಿಗಾದ್ರೂ,” ಎಂದು ಅವಳು ಕೇಳಿಯೂ ನೋಡಿದಳು.

“ಅದಕ್ಕೆಲ್ಲ ಕೋಡಿಂಗ್ ಬರ್ಬೇಕಮ್ಮ,” ಅಂದರು ಭಾವ. “ಕಂಪ್ಯೂಟರ್ ರಿಪೇರಿಯವನು ನಂಗೆ ಹೇಳಿದಾನೆ. ಒಂದು ಚುಕ್ಕಿ ಆಚೀಚೆ ಆದ್ರೆ ಇರೋಬರೋ ಮೇಲ್ ಎಲ್ಲ ಅಳಿಸಿಹೋಗುತ್ತಂತೆ. ಸುಮ್ನೆ ಯಾಕೆ ಇಲ್ಲದ ಉಸಾಬರಿ.”

ಭಾವನಿಗೂ ಒಳಗೊಳಗೇ ಆಸೆ ಇತ್ತು ಎನ್ನುವುದು ಬೇರೆ ಮಾತು. ಅವರಿಗೆ ಮಖಮಲ್ಲು ಕಳಿಸುವ ಸಗಟು ವ್ಯಾಪಾರಿಯ ಮೇಲ್‌ಗಳ ಕೊನೆಯಲ್ಲಿ ಅವನ ಫೋಟೋ, ಪಕ್ಕದಲ್ಲಿ ದಪ್ಪಕ್ಷರದ ಹೆಸರು, ನಡುವೆ ಬಣ್ಣದ ಗೆರೆ ಎಲ್ಲ ಇರುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಭಾವ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ರಿಪೇರಿಯವನು ಹೆದರಿಸಿಬಿಟ್ಟಿದ್ದರಿಂದ ಸುಮ್ಮನಿದ್ದರು, ಅಷ್ಟೇ.

ಭಾವ ಮಧ್ಯಾಹ್ನದ ನಿದ್ದೆಗೆ ಮನೆಗೆ ಹೋದ ಮೇಲೆ ಚಿಕ್ಕಮ್ಮ ಆ ಸಗಟು ವ್ಯಾಪಾರಿಯ ಮೇಲನ್ನೇ ತೆರೆದು ಕೂತಳು. ಯಾರೋ ಹೊಲಿದ ಬಟ್ಟೆ ಕೈಗೆ ಸಿಕ್ಕರೆ ಮೊದಲು ಒಳಮಗ್ಗುಲು ತಿರುಗಿಸಿ ನೋಡುವುದು ಅವಳ ಚಾಳಿ. ಇಲ್ಲೂ ಹಾಗೇ ಮೌಸು ಒತ್ತಿಹಿಡಿದು ಆ ಸಹಿಯ ಮೇಲೆ ಮೇಲಿಂದ ಕೆಳಕ್ಕೆ ಎಳೆದಳು. ಎಡಕ್ಕೊಂದು ಚೌಕ, ಬಲಕ್ಕೊಂದು ಚೌಕ ನೀಲಿಯಾಗಿ ಎದ್ದು ಕಂಡವು. ಅವಳಿಗೆ ನಗು ಬಂತು. ಕೋಡಿಂಗೂ ಇಲ್ಲ, ಮಣ್ಣೂ ಇಲ್ಲ. ಎರಡು ಮನೆಯ ಒಂದು ಕೋಷ್ಟಕ ಹಾಕಿ, ಒಂದರಲ್ಲಿ ಫೋಟೋ, ಇನ್ನೊಂದರಲ್ಲಿ ಅಕ್ಷರ ಇಟ್ಟು, ಗೆರೆಗಳನ್ನು ಕಾಣದಂತೆ ಮಾಡಿದ್ದಾನೆ. ಮೇಲೆ ಹೊಲಿಗೆ ಕಾಣದ ಹಾಗೆ ಅಂಚು ಮಡಚುವುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಿಲ್ಲು ಬರೆಯುವ ಪ್ರೋಗ್ರಾಮಿನಲ್ಲೇ ಹೊಸ ಕಡತ ತೆರೆದು ಕೋಷ್ಟಕ ಹಾಕಿದಳು. ಫೋಟೋ ಹುಡುಕುವುದೇ ಕಷ್ಟವಾಯಿತು. ಗುರುತಿನ ಚೀಟಿಯಲ್ಲಿ ಅವಳು ಕಳ್ಳಿಯ ಹಾಗಿದ್ದಳು. ಪ್ರವಾಸ ಹೋದಾಗ ಗಂಡನ ಜೊತೆ ತೆಗೆಸಿಕೊಂಡದ್ದು ಒಂದು ಚೆನ್ನಾಗಿತ್ತು. ಗಂಡನನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿದಳು, ಒಂದು ಕಿವಿ ಮಾತ್ರ ಉಳಿದೇ ಉಳಿಯಿತು. ಇರಲಿ ಎಂದು ಬಿಟ್ಟಳು. ಬಲದ ಮನೆಯಲ್ಲಿ ತನ್ನ ಪೂರ್ತಿ ಹೆಸರನ್ನು ದಪ್ಪಕ್ಷರದಲ್ಲಿ ಬರೆದಳು. ಆ ಹೆಸರನ್ನು ಬರೆದು ಎಷ್ಟು ಕಾಲವಾಗಿತ್ತೆಂದರೆ, ಯಾರೋ ಹಳೆಯ ಗೆಳತಿ ಎದುರಿಗೆ ಬಂದು ನಿಂತ ಹಾಗಾಯಿತು. ಹುದ್ದೆ ಏನು ಹಾಕುವುದು? ಕೇಳೋಣವೆಂದರೆ ಕೊಡುವವರು ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ‘ಮುಖ್ಯಸ್ಥೆ, ವಿನ್ಯಾಸ ಮತ್ತು ಹೊಲಿಗೆ ವಿಭಾಗ’ ಎಂದು ತಾನೇ ಹಾಕಿಕೊಂಡಳು. ಅಂಥ ವಿಭಾಗವೊಂದು ಅಂಗಡಿಯಲ್ಲಿ ಹುಟ್ಟಿದ್ದು ಆ ಗಳಿಗೆಯಲ್ಲೇ.

ಗೆರೆಗಳನ್ನು ಮಾಯ ಮಾಡಿ, ಇಡೀ ಕೋಷ್ಟಕವನ್ನು ನಕಲು ಮಾಡಿ, ಮೇಲ್‌ನ ಸೆಟ್ಟಿಂಗ್ಸಿನಲ್ಲಿ ಸಹಿಯ ಜಾಗಕ್ಕೆ ಅಂಟಿಸಿದಳು. ಮೊದಲ ಸಲ ಫೋಟೋ ಎಷ್ಟು ದೊಡ್ಡದಾಯಿತೆಂದರೆ ಸ್ಕ್ರೀನ್ ತುಂಬ ಅವಳ ಹುಬ್ಬುಗಳೇ. ಮತ್ತೆ ಕುಗ್ಗಿಸಿದಳು. ಈಗ ಫೋನ್ ನಂಬರು ಎರಡು ತುಂಡಾಗಿ ಕೆಳಗಿಳಿಯಿತು. ಅಕ್ಷರ ಸಣ್ಣ ಮಾಡಿದಳು. ತನಗೆ ತಾನೇ ಒಂದು ಮೇಲ್ ಕಳಿಸಿಕೊಂಡು ನೋಡಿದರೆ, ಆಹಾ, ಸಗಟು ವ್ಯಾಪಾರಿ ಇವಳ ಮುಂದೆ ಏನೇನೂ ಅಲ್ಲ. ಯಾವ ಮೇಲ್‌ಗೆ ಯಾವ ಸಹಿ ಎಂದು ಸೆಟ್ಟಿಂಗ್ಸು ಕೇಳಿತ್ತು. ರಂಗಮಂದಿರಕ್ಕೆ ಉತ್ತರ ಬರೆದು ಮುಗಿಸುವವರೆಗೆ ಇರಲಿ ಎಂದು ಎಲ್ಲದಕ್ಕೂ ತನ್ನದನ್ನೇ ಆರಿಸಿದ್ದಳು. ಆ ಉತ್ತರ ಬರೆಯಬೇಕು ಎನ್ನುವಷ್ಟರಲ್ಲಿ ಒಬ್ಬಾಕೆ ಪರದೆಯ ಬಣ್ಣ ಬಿಟ್ಟಿದೆ ಎಂದು ಜಗಳಕ್ಕೆ ಬಂದಳು. ಆಕೆಯನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಸಂಜೆಯಾಗಿ, ಸಹಿಯ ವಿಷಯ ಚಿಕ್ಕಮ್ಮನ ತಲೆಯಿಂದ ಹಾರಿಯೇ ಹೋಯಿತು. ಅತ್ತ ಭಾವ ನಿದ್ದೆ ಮುಗಿಸಿ ಬಂದು, ಹುರುಪಿನಿಂದ ಕಂಪ್ಯೂಟರಿನ ಮುಂದೆ ಕೂತಿದ್ದರು.

ಮಾರನೇ ದಿನ ಬೆಳಿಗ್ಗೆ ಕಳಿಸಿದ ಮೇಲ್‌ಗಳನ್ನು ತೆರೆದಾಗ ಚಿಕ್ಕಮ್ಮನಿಗೆ ಸಹಿಯ ನೆನಪಾಯಿತು. ಉತ್ತರ ಬರೆಯುವಾಗ ಸಹಿ ಮೂರು ಚುಕ್ಕಿಗಳ ಹಿಂದೆ ಅಡಗಿರುತ್ತದೆ. ತಾವು ಬರೆದದ್ದರಿಂದ ಕೆಳಕ್ಕೆ ಕಣ್ಣು ಹಾಯಿಸುವ ಅಭ್ಯಾಸ ಭಾವನಿಗೆ ಮೊದಲೇ ಇಲ್ಲ. ಸಗಟು ವ್ಯಾಪಾರಿಗೆ ಅವರು, ‘ಮೀಸೆ ಹೊತ್ತ ಗಂಡಸು ನಾನು, ಕೊಟ್ಟ ಮಾತಿಗೆ ತಪ್ಪುವವನಲ್ಲ’ ಎಂದು ಗುಡುಗಿದ್ದರು. ಅದರ ಕೆಳಗೆ ಚಿಕ್ಕಮ್ಮ ನಗುತ್ತಿದ್ದಳು. ಡಾಕ್ಟರಿಗೆ ತಮ್ಮ ಹೊಟ್ಟೆ ಉಬ್ಬರವನ್ನು ಮುಚ್ಚುಮರೆಯಿಲ್ಲದೆ ತೋಡಿಕೊಂಡಿದ್ದರು. ಅದರ ಕೆಳಗೂ ಚಿಕ್ಕಮ್ಮನೇ. ‘ಹೆದರಬೇಡಿ ಮೇಡಂ, ಊಟವಾದ ಮೇಲೆ ಸ್ವಲ್ಪ ನಡೆದಾಡಿ’ ಎಂದು ಡಾಕ್ಟರರ ಉತ್ತರವೂ ಬಂದಿತ್ತು.

ಮೂರನೆಯದು ರಂಗಮಂದಿರಕ್ಕೆ. ‘ಖುದ್ದು ನಾನೇ ಬರುತ್ತೇನೆ. ಈ ಅಂಗಡಿಯಲ್ಲಿ ನನ್ನ ಮಾತೇ ಕೊನೆಯ ಮಾತು. ನನ್ನ ಜೊತೆ ಇನ್ನೊಬ್ಬರು ಬರುತ್ತಾರೆ, ಅವರು ಚೀಲ ಹೊರುವುದಕ್ಕೆ ಮಾತ್ರ. ಅವರು ಏನಾದರೂ ಹೇಳಿದರೆ ಸೊಪ್ಪು ಹಾಕಬೇಡಿ.’

ಚಿಕ್ಕಮ್ಮನಿಗೆ ಮೊದಲು ಅಳು ಬಂತು. ಇಷ್ಟು ವರ್ಷ ದುಡಿದದ್ದಕ್ಕೆ ಸಿಕ್ಕ ಹುದ್ದೆ ಇದು, ಚೀಲ ಹೊರುವವಳು. ಕಣ್ಣೊರೆಸಿಕೊಂಡು ಕೆಳಗೆ ನೋಡಿದಳು. ದಪ್ಪಕ್ಷರದಲ್ಲಿ ತನ್ನ ಹೆಸರು, ತನ್ನ ಮುಖ, ತನ್ನ ವಿಭಾಗ. ಇನ್ನೊಮ್ಮೆ ಮೇಲಿಂದ ಓದಿದಳು. ಆಮೇಲೆ ಗಂಡನನ್ನು ಕರೆದು ತೋರಿಸಿದಳು.

ಅವನು ನಿಧಾನವಾಗಿ ಓದಿ, “ಈ ಹೆಸರಿನೋರು ಯಾರು?” ಅಂದ.

“ನಾನೇ ರೀ.”

“ಓ,” ಅಂದ. ಇನ್ನಷ್ಟು ಹತ್ತಿರ ಬಗ್ಗಿ ನೋಡಿದ. “ಕಿವಿ ನಂದಲ್ವಾ?”

“ಕಿವಿ ಹಾಳಾಗ್ಲಿ. ಭಾವನಿಗೆ ಹೇಳ್ಬೇಕೋ ಬೇಡ್ವೋ ಹೇಳಿ.”

“ನಾನು ಇದನ್ನ ನೋಡೇ ಇಲ್ಲ,” ಎಂದು ಅವನು ಏಣಿ ಹೆಗಲಿಗೇರಿಸಿಕೊಂಡು ಹೊರಟುಹೋದ.

ಹೇಳಲೇಬೇಕು ಎಂದು ಅವಳು ನಿಶ್ಚಯಿಸಿದ್ದು ನಿಜ. ಸಹಿಯನ್ನು ಮತ್ತೆ ಭಾವನ ಹೆಸರಿಗೆ ಬದಲಾಯಿಸಿ, ಅವರೆದುರು ಹೋಗಿ ನಿಂತು, “ಭಾವ, ಆ ಮೇಲ್ ವಿಷ್ಯ...” ಎಂದು ಬಾಯಿ ತೆರೆದದ್ದೂ ನಿಜ.

“ಸ್ಯಾಂಪಲ್ ಎಲ್ಲ ಚೀಲಕ್ಕೆ ತುಂಬಿಸ್ಕೋ,” ಅಂದರು ಭಾವ ಕನ್ನಡಿಯಲ್ಲಿ ಮೀಸೆ ತೀಡುತ್ತಾ. “ಮೇಲ್ ಗೀಲ್ ಎಲ್ಲ ನಾನು ನೋಡ್ಕೊಂಡಿದೀನಿ. ನೀನು ಬಾಯಿ ಮುಚ್ಕೊಂಡಿದ್ರೆ ಸಾಕು.”

ಹಿರಿಯರ ಅಪ್ಪಣೆ ಮೀರುವ ಹೆಣ್ಣಲ್ಲ ಅವಳು. ಬಾಯಿ ಮುಚ್ಚಿಕೊಂಡಳು.

ರಂಗಮಂದಿರದ ಮೆಟ್ಟಿಲುಗಳನ್ನೆಲ್ಲ ಚೀಲ ಹೊತ್ತು ಹತ್ತಿದವಳು ಅವಳೇ. ಕಚೇರಿಯ ಬಾಗಿಲ ಬಳಿ ಮಾತ್ರ ಭಾವ ಅದನ್ನು ಕಸಿದುಕೊಂಡರು. ಸ್ಯಾಂಪಲ್ಲುಗಳನ್ನು ತಾವೇ ಬಿಚ್ಚಿ ಹರಡಿದರೆ ಒಂದು ಗತ್ತು ಎಂದು. ಒಳಗೆ ಕಾರ್ಯದರ್ಶಿ ಕೂತಿದ್ದರು, ಕನ್ನಡಕವನ್ನು ಹಣೆಗೇರಿಸಿಕೊಂಡ ಹೆಂಗಸು, ಮೊನ್ನೆ ಅಳತೆಯ ದಿನವೂ ಮೊದಲ ಮೇಲ್‌ಗೆ ಉತ್ತರ ಹೋದಾಗಲೂ ರಜೆಯಲ್ಲಿದ್ದವರು. ಕೈಯಲ್ಲಿದ್ದ, ಮೇಲ್ ಅಚ್ಚುಮಾಡಿದ ಕಾಗದ ನೋಡಿದರು, ಚಿಕ್ಕಮ್ಮನ ಮುಖ ನೋಡಿದರು, ಎದ್ದು ನಿಂತು ಕುರ್ಚಿ ಎಳೆದರು.

“ಬನ್ನಿ ಮೇಡಂ. ನೀವೇ ಬರ್ತೀರಿ ಅಂತ ಬರೆದಿದ್ದು ನೋಡಿ ಸಂತೋಷ ಆಯ್ತು.” ಭಾವನ ಕಡೆ ತಿರುಗಿ, “ಚೀಲ ಆ ಮೂಲೇಲಿಡಿ ಪರವಾಗಿಲ್ಲ,” ಅಂದರು.

ಭಾವ ಗಂಟಲು ಸರಿಮಾಡಿಕೊಂಡರು. “ನೋಡಿ, ಅಂಗಡಿ ಯಜಮಾನ ಅಂದ್ರೆ ನಾನು.”

ಕಾರ್ಯದರ್ಶಿ ನಕ್ಕು, “ಮೇಡಂ ಮೊದ್ಲೇ ಎಚ್ಚರಿಕೆ ಕೊಟ್ಟಿದಾರೆ, ಜೊತೆಗೆ ಬರೋರು ಹೀಗೆ ಏನಾದ್ರೂ ಹೇಳಬಹುದು ಅಂತ,” ಎಂದು ಕಾಗದವನ್ನು ಅವರ ಮುಂದೆ ಹಿಡಿದರು.

ಭಾವ ಓದಿದರು. ಮೊದಲ ಸಾಲಿಗೆ ಹುಬ್ಬೇರಿತು, ಎರಡನೆಯದಕ್ಕೆ ಇಳಿಯಿತು. ಮಾತುಗಳೆಲ್ಲ ತಮ್ಮವೇ, ಬೇರೆ ಯಾರಿಗೂ ಬಾರದ ಗತ್ತು. ಬದುಕಿನಲ್ಲಿ ಮೊದಲ ಬಾರಿಗೆ ಅವರು ಒಂದು ಮೇಲನ್ನು ಕೊನೆಯ ತನಕ ಓದಿದರು, ಅಲ್ಲಿ ಹೋಗಿ ನಿಂತುಬಿಟ್ಟರು. ಇಂಗು ತಿಂದ ಮಂಗನ ಹಾಗಾಯಿತು ಅವರ ಮುಖ. ಈ ಗಳಿಗೆಯನ್ನು ಸವಿಯಬಹುದು ಎಂದುಕೊಂಡಿದ್ದ ಚಿಕ್ಕಮ್ಮನಿಗೆ ಆ ಮುಖ ನೋಡಲಾಗಲಿಲ್ಲ. ಅಯ್ಯೋ ಪಾಪ ಅನ್ನಿಸಿಬಿಟ್ಟಿತು.

“ಮೇಡಂ, ಆ ಮೇಲ್ ಬರೆದಿದ್ದು ನಾನಲ್ಲ,” ಅಂದಳು. “ಅದನ್ನ ಬರೆದೋರು...”

“ನಾನೇ,” ಅಂದರು ಭಾವ ಥಟ್ಟನೆ. ತಾನು ಕಳಿಸಿದ ಮೇಲ್‌ನ ಕೆಳಗೆ ಯಾರಿದ್ದಾರೆಂದು ತನಗೇ ಗೊತ್ತಿಲ್ಲ ಎಂದು ಯಾವ ಯಜಮಾನ ತಾನೇ ಒಪ್ಪಿಕೊಂಡಾನು. “ಇವರು ಹೇಳಿದ್ರು, ನಾನು ಟೈಪ್ ಮಾಡ್ದೆ.” ಹಾಗೆಂದು ಚೀಲವನ್ನು ಮೂಲೆಗೆ ಒಯ್ದು, ಒಂದೊಂದೇ ಸ್ಯಾಂಪಲ್ ತೆಗೆದು ಮೇಜಿನ ಮೇಲೆ ಹರಡತೊಡಗಿದರು.

ಮಾತು ಶುರುವಾಯಿತು. ಕಾರ್ಯದರ್ಶಿ ಅದೂ ಇದೂ ಕೇಳಿ ಕೊನೆಗೆ, “ನೆರಿಗೆ ಸ್ವಲ್ಪ ಕಡಿಮೆ ಮಾಡಿ ಬಟ್ಟೆ ಉಳಿಸಬಹುದಾ?” ಅಂದರು. ಭಾವನ ತಲೆ ಅಭ್ಯಾಸಬಲದಿಂದ ಆಗಲೇ ಅಲ್ಲಾಡಲು ಶುರುವಾಗಿತ್ತು. ಆದರೆ ಯಾರೂ ಅದಕ್ಕೆ ಸೊಪ್ಪು ಹಾಕಲಿಲ್ಲ.

“ಆಗಲ್ಲ ಮೇಡಂ,” ಅಂದಳು ಚಿಕ್ಕಮ್ಮ. “ನೆರಿಗೆ ಕಮ್ಮಿ ಆದ್ರೆ ಅದು ಪರದೆ ಅಲ್ಲ, ಒಣಗೋಕೆ ಹಾಕಿದ ಬೆಡ್‌ಶೀಟು. ಬೇಕಿದ್ರೆ ಕೆಲಸ ಬೇರೆಯವರಿಗೆ ಕೊಡಿ, ನಾನು ಅಂಥದ್ದು ಹೊಲಿಯಲ್ಲ.”

ಕಾರ್ಯದರ್ಶಿ ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ ಅವಳನ್ನು ನೋಡಿದರು. ಆಮೇಲೆ ತಲೆದೂಗಿ, “ಹಾಗೇ ಆಗ್ಲಿ. ನಿಮ್ಮ ಮಾತಿನಂತೆ ಮಾಡಿ,” ಅಂದರು.

ಕೆಳಗಿಳಿದು ಬರುವಾಗ ಚಿಕ್ಕಮ್ಮನ ಕಾಲು ನೆಲದ ಮೇಲಿರಲಿಲ್ಲ. ಜೋರಾಗಿ ನಗಬೇಕು ಅನ್ನಿಸುತ್ತಿತ್ತು, ಪಕ್ಕದಲ್ಲಿ ಭಾವ ಇದ್ದದ್ದರಿಂದ ತುಟಿ ಕಚ್ಚಿಕೊಂಡಿದ್ದಳು. ಇಬ್ಬರೂ ವ್ಯಾನು ಹತ್ತಿ ಕೂತರು. ಬೈಯುತ್ತಾರೆ, ಬೈಯಲಿ, ಬೈಸಿಕೊಳ್ಳುತ್ತೇನೆ, ಪರದೆ ಮಾತ್ರ ನಾನೇ ಹೊಲಿಯುತ್ತೇನೆ ಎಂದು ಅವಳು ಗಟ್ಟಿ ಮನಸ್ಸು ಮಾಡಿ ಕೂತಿದ್ದಳು. ಅರ್ಧ ದಾರಿ ಸಾಗಿದ ಮೇಲೆ ಭಾವ ಬಾಯಿ ಬಿಟ್ಟರು.

“ಆ ಫೋಟೋ, ಗೆರೆ, ಅದೆಲ್ಲ ಯಾರು ಮಾಡಿಕೊಟ್ರು?”

“ನಾನೇ ಭಾವ.”

“ಕೋಡಿಂಗ್ ಯಾವಾಗ ಕಲಿತೆ?”

“ಕಲಿತಿಲ್ಲ. ಕೋಷ್ಟಕ ಹಾಕಿ, ಗೆರೆ ಅಳಿಸಿ, ಅಂಟಿಸಿದ್ದು ಅಷ್ಟೇ.”

ಭಾವ ರಸ್ತೆಯ ಕಡೆ ನೋಡುತ್ತಾ ಮೀಸೆ ತೀಡಿಕೊಂಡರು. “ನಂಗೂ ಒಂದು ಮಾಡ್ಕೊಡಮ್ಮ.”

“ಅದಕ್ಕೇನಂತೆ, ಇವತ್ತೇ ಮಾಡ್ತೀನಿ. ಹುದ್ದೆ ಏನಂತ ಹಾಕ್ಲಿ?”

ಭಾವ ಮೀಸೆಯಿಂದ ಕೈ ತೆಗೆದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

“ಯಾವ್ಯಾವುದು ಖಾಲಿ ಇದೆ?”