ಗೀರಿಲ್ಲದ ಪ್ಲೇಟು

ನಮ್ಮ ಮನೆಯಲ್ಲಿ ಹಳೆಯದೊಂದು ಹಾಡಿನ ಮಶೀನು ಇದೆ. ಅದರ ಮೇಲೆ ಹಾಕುವ ರಿಕಾರ್ಡಿಗೆ ನಮ್ಮ ಕಡೆ ಪ್ಲೇಟು ಎನ್ನುತ್ತಾರೆ. ಪ್ರತಿ ಸೋಮವಾರ ಪೂಜೆ ಮುಗಿಸಿ ನಾನು ಒಂದು ಭಜನೆಯ ಪ್ಲೇಟು ಹಚ್ಚುತ್ತಿದ್ದೆ. 'ಬಡವಿಯ ಹೊಸ್ತಿಲಿಗೆ ಬಾ ತಂದೆ' ಎಂಬ ಸಾಲು ಬಂದಾಗ ಮಶೀನಿನ ಮುಳ್ಳು ಪ್ಲೇಟಿನ ಗೀರಿನಲ್ಲಿ ಸಿಕ್ಕಿ, 'ಬಾ ತಂದೆ, ಬಾ ತಂದೆ' ಎಂದು ಅಲ್ಲೇ ಸುತ್ತುತ್ತಿತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಕೆಂಚವ್ವ ಎದ್ದು ಬಂದು, ಹಿಟ್ಟು ಹತ್ತದ ಕಿರುಬೆರಳಿನಿಂದ ಮುಳ್ಳನ್ನು ಮೆಲ್ಲಗೆ ಮುಂದಕ್ಕೆ ದೂಡುತ್ತಿದ್ದಳು. ನನ್ನ ಕೈ ನಡುಗುತ್ತದೆಂದು ಸಿಕ್ಕ ಮುಳ್ಳನ್ನು ನನಗೆ ಮುಟ್ಟಗೊಡುತ್ತಿರಲಿಲ್ಲ. ಅಡುಗೆಮನೆಯಿಂದ ಅವಳು ಬರುವಷ್ಟರಲ್ಲಿ ಮೂರು ಸಲ 'ಬಾ ತಂದೆ' ಆಗಿರುತ್ತಿತ್ತು.

ಹೊಳೆ ಊರೊಳಗೆ ಬಂದ ವರ್ಷ ಪ್ಲೇಟುಗಳ ಟ್ರಂಕು ನೀರುಪಾಲಾಯಿತು. ಅಟ್ಟದ ಮೇಲಿಟ್ಟಿದ್ದ ಮಶೀನು ಉಳಿಯಿತು.

"ಹೋದ್ರ ಹೋಗ್ಲಿ, ನಾ ಹಾಡ್ತೇನಿ ತಗೋರಿ" ಎಂದಳು ಕೆಂಚವ್ವ. ಹಾಡಿದಳು ಕೂಡ. ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿ ಅವರಿಗೂ ಕಲಿಸಿದಳು. ಹೋದ ಶ್ರಾವಣದಲ್ಲಿ ಲಿಂಗೈಕ್ಯಳಾದಳು.

ವರ್ಷದ ಸ್ಮರಣೆ ಹತ್ತಿರ ಬಂದಂತೆ ನನಗೆ ಒಂದೇ ಹಂಬಲ ಹತ್ತಿತು. ಆ ದಿನ ಮನೆಯಲ್ಲಿ ಆ ಪ್ಲೇಟು ಹಾಡಬೇಕು. ಮೂಡಲಗಿಯ ಗುಜರಿ ಅಂಗಡಿಗಳನ್ನೆಲ್ಲ ನೋಡಿದೆ. ಗೋಕಾಕದಲ್ಲಿ ಮೊದಲು ಮೈಕ್ ಸೆಟ್ ಇಟ್ಟಿದ್ದವರೊಬ್ಬರ ಮನೆಗೆ ಹೋದರೆ, ಅವರ ಸೊಸೆ ಪ್ಲೇಟುಗಳ ಮೇಲೆ ನವಿಲಿನ ಚಿತ್ರ ಬರೆದು ಗೋಡೆಗೆ ತೂಗುಹಾಕಿದ್ದಳು. ಕೊನೆಗೆ ಹುಕ್ಕೇರಿಯ ಸಂತೆಯ ಪಕ್ಕದಲ್ಲಿ ದುಂಡಪ್ಪನೆಂಬವನ ಗುಜರಿ ಅಂಗಡಿ ಸಿಕ್ಕಿತು.

"ಯಾವ ಪಿಚ್ಚರಿಂದು ಬೇಕ್ರಿ ಕಾಕಾ?"

"ಪಿಚ್ಚರಿಂದಲ್ಲೋ ತಮ್ಮಾ, ಭಜನೀದು."

"ಆ ಚೀಲದಾಗ ಹುಡಕ್ರಿ ಹಂಗಾದ್ರ. ಚೇಳು ಸಿಕ್ರ ಅದೂ ನಿಮ್ಮದ."

ತುಕ್ಕು ಹಿಡಿದ ಫ್ಯಾನು, ಒಡೆದ ರೇಡಿಯೋಗಳ ಕೆಳಗಿನಿಂದ ಚೀಲವನ್ನು ಎಳೆದುಕೊಂಡು ಕೂತೆ. ಒಂದೊಂದೇ ಪ್ಲೇಟನ್ನು ಧೋತರದ ತುದಿಯಿಂದ ಒರೆಸಿ ಓದಿದೆ. ಚೀಲದ ತಳದಲ್ಲಿ ನಮ್ಮ ಹಾಡು ಇತ್ತು. ಕಣ್ಣಿಗೆ ಒತ್ತಿಕೊಂಡೆ.

ದುಂಡಪ್ಪ ಅದನ್ನು ಬಿಸಿಲಿಗೆ ಹಿಡಿದ. "ನೋಡ್ರಿ, ಒಂದು ಗೀರಿಲ್ಲ! ಹಚ್ಚಿ ಕೇಳಸ್ಬೇಕಂದ್ರ ಕರೆಂಟ ಹೋಗೇತಿ."

ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಕೆಂಚವ್ವನ ಫೋಟೋದ ಮುಂದೆ ಇಟ್ಟೆ. ಸ್ಮರಣೆಯ ದಿನವೇ ಹಚ್ಚಬೇಕೆಂದು ಅಲ್ಲಿಯವರೆಗೆ ಮುಟ್ಟಲಿಲ್ಲ.

ಆ ದಿನ ಭಜನೆಯ ಹೆಣ್ಣುಮಕ್ಕಳು ತಾಳ ಹಿಡಿದು ಬಂದರು. ಪೂಜೆಯಾಯಿತು. ನಾನು ಪ್ಲೇಟು ಹಚ್ಚಿ, ಮಂದಿ ಬಹಳವಾದ್ದರಿಂದ ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಕೂತೆ. ಹಾಡು ತಿಳಿನೀರಿನಂತೆ ಬಂತು. ಅವರೂ ದನಿಗೂಡಿಸಿದರು. ಆ ಸಾಲು ಬಂತು. ಪ್ಲೇಟು ಒಂದೇ ಸಲ 'ಬಾ ತಂದೆ' ಎಂದು ಮುಂದೆ ಹೋಯಿತು. ಹೆಣ್ಣುಮಕ್ಕಳು ಇನ್ನೂ 'ಬಾ ತಂದೆ, ಬಾ ತಂದೆ' ಎನ್ನುತ್ತಲೇ ಇದ್ದರು. ತಾಳ ತಪ್ಪಿತು.

"ನಿಂದರ್ರೆ, ನಿಂದರ್ರಿ!" ಎಂದು ಯಲ್ಲಕ್ಕ ಕೈ ಎತ್ತಿದಳು. "ಕಾಕಾ, ನಿಮ್ಮ ಪ್ಲೇಟು ಎರಡು 'ಬಾ ತಂದೆ' ನುಂಗೇತ್ರಿ!"

"ಡುಪ್ಲಿಕೇಟ್ ಕೊಟ್ಟು ಕಳಿಸ್ಯಾನ ಕಾಕಾಗ" ಎಂದಳು ನಾಗರತ್ನಾ. ಎಲ್ಲರೂ ನಕ್ಕರು.

"ಕೆಂಚವ್ವ ಕಾಕು ಕಲಿಸಿದ್ದು ಮೂರ. ಆಕಿ ತಪ್ಪು ಕಲಸಾಕಿ ಅಲ್ಲ" ಎಂದಳು ಯಲ್ಲಕ್ಕ.

ಗೀರಿನ ಸಂಗತಿ ನಾಲಗೆಯ ತುದಿಗೆ ಬಂತು. ಅವಳು ಒಲೆಯ ಮುಂದಿನಿಂದ ಎದ್ದು ಬರುವ ಹೊತ್ತನ್ನು ಇವರೆಲ್ಲ ಹಾಡೆಂದೇ ಕಲಿತಿದ್ದರು.

"ಈ ಪ್ಲೇಟಿಗೆ ಆಕಿ ಹಾಡು ಬರೂದಿಲ್ಲ. ನೀವ ಹಾಡ್ರೆವಾ" ಎಂದು ಎದ್ದು ಮುಳ್ಳನ್ನು ಎತ್ತಿಟ್ಟೆ.

ಬಂದು ಮೊದಲಿನ ಜಾಗದಲ್ಲೇ ಕೂತೆ. ಅವರು ಮೊದಲಿನಿಂದ ಹಾಡಿದರು. ಆ ಸಾಲು ಮತ್ತೆ ಬಂತು.

ಎರಡನೆಯ 'ಬಾ ತಂದೆ'ಗೆ ನಾನು ಅಡುಗೆಮನೆಯ ಬಾಗಿಲಿನಿಂದ ಸರಿದು, ದಾರಿ ಬಿಟ್ಟು ಕೂತೆ.