ಸಿಡುಕಿಯ ಹೊಟ್ಟೆ, ನನ್ನ ಮಿಮಿಕ್ರಿ

ಸಿಡುಕಿಯನ್ನು ಮಾರಿಬಿಡುತ್ತೇನೆಂದರು ಚಿಕ್ಕಪ್ಪ. ಅವರ ಸವಾರಿ ಶಾಲೆಯ ಆ ಹೆಣ್ಣು ಕುದುರೆಯ ಮೇಲಿಂದ ಬಿದ್ದು ಬಿದ್ದೇ ನಾನು ಸವಾರಿ ಕಲಿತದ್ದು; ಈಗ ಅವಳ ಮೇವು, ಆರೈಕೆ ಎಲ್ಲ ನನ್ನದೇ. ಮಾರುವ ಮುನ್ನ ಪರೀಕ್ಷಿಸಲು ಪಶುವೈದ್ಯೆ ಬಂದರು.

“ಏನು ತೊಂದರೆ?”

“ತೊಂದರೆ ಏನಿಲ್ಲ ಮೇಡಂ, ಕೊಬ್ಬು. ಲೋ, ಇವಳು ಆಡೋದನ್ನ ಮಾಡಿ ತೋರಿಸೋ,” ಎಂದರು ಚಿಕ್ಕಪ್ಪ.

ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದಂತಾಯಿತು. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಸಿಡುಕಿ ಏನೇನು ಮಾಡುತ್ತಾಳೋ ಎಲ್ಲವನ್ನೂ ಮಾಡಿದೆ. ಅಂಗೈಗಳನ್ನೇ ಕಿವಿ ಮಾಡಿ ಹಿಂದಕ್ಕೆ ಮಡಚಿದೆ, ಹಲ್ಲು ಕಡಿದೆ, ಕತ್ತು ತಿರುಗಿಸಿ ನನ್ನ ಪಕ್ಕೆಯನ್ನು ನಾನೇ ನೋಡಿಕೊಂಡೆ. ಬಕೆಟ್ಟಿನ ಕಾಳು ಮೂಸಿ ಮೂತಿ ತಿರುವಿದೆ. ಸವಾರಿ ಕಲಿಯಲು ಬಂದವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ವೈದ್ಯೆ ನಗಲಿಲ್ಲ. “ಇನ್ನೊಂದ್ಸಲ ಮಾಡಿ.”

ಆಹಾ, ರಸಿಕರು! ಮಾಡಿದೆ.

“ಪಕ್ಕೆ ನೋಡ್ಕೊಂಡಿದ್ದು ನಿಮ್ಮ ಒಗ್ಗರಣೆನಾ?”

“ಛೆ ಛೆ! ಇದ್ದದ್ದು ಇದ್ದ ಹಾಗೆ ಮೇಡಂ. ನಾನು ಕಲಾವಿದ.”

“ಸವಾರಿಗೆ ಮುಂಚೆ ಏನು ತಿನ್ನಿಸ್ತೀರಿ ಕಲಾವಿದರೇ?”

“ಏನೂ ಇಲ್ಲ! ಹೊಟ್ಟೆ ಖಾಲಿ ಇದ್ರೆ ಮೈ ಹಗುರ. ಆಮೇಲೆ ಒಂದು ಬಕೆಟ್ ಕಾಳು.” ನನ್ನದೇ ಸಂಶೋಧನೆ, ಎದೆಯುಬ್ಬಿಸಿ ಹೇಳಿದೆ.

“ಕುದುರೆ ಹೊಟ್ಟೇಲಿ ಆಮ್ಲ ಸದಾ ಒಸರ್ತಾನೇ ಇರುತ್ತೆ. ಒಳಗೆ ಹುಲ್ಲಿಲ್ಲ ಅಂದ್ರೆ ಓಡುವಾಗ ಮೇಲಕ್ಕೆ ಚಿಮ್ಮಿ ಸುಡುತ್ತೆ. ಇದು ಕೊಬ್ಬಲ್ಲ, ಹುಣ್ಣಿರಬೇಕು.”

ಮಾರನೇ ದಿನ ಸಿಡುಕಿಯ ಮೂಗಿನ ಮೂಲಕ ಹೊಟ್ಟೆಗೆ ಕ್ಯಾಮೆರಾದ ಕೊಳವೆ ಇಳಿಸಿದರು. ಪರದೆಯ ಮೇಲೆ ಕೆಂಪು ಕೆಂಪು ಹುಣ್ಣುಗಳು. ಊರವರ ಹೊಟ್ಟೆ ಹುಣ್ಣಾಗಿಸುತ್ತೇನೆಂದು ಮೀಸೆ ತಿರುವುತ್ತಿದ್ದವನು ನಿಜವಾಗಿ ಹುಣ್ಣಾಗಿಸಿದ್ದು ಇವಳೊಬ್ಬಳದ್ದನ್ನು.

“ದಿನಾ ಇವಳ ಕತ್ತಿನ ಕೂದಲು ಹೆಣೀತಿದ್ದ ಮೇಡಂ,” ಎಂದರು ಚಿಕ್ಕಪ್ಪ. “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ! ಲೋ, ವಾಸಿಯಾಗ್ತಾಳೇನೋ ನೋಡ್ತೀನಿ. ಆಗಲಿಲ್ಲವೋ, ಇಬ್ಬರನ್ನೂ ಮಾರ್ತೀನಿ.”

ನನ್ನನ್ನು ಯಾರು ಕೊಳ್ಳುತ್ತಾರೆ? ಸಿಡುಕಿ ವಾಸಿಯಾಗಲೇಬೇಕಿತ್ತು. ಔಷಧಿ ಕೊಟ್ಟೆ. ಒಣಹುಲ್ಲು ತುಂಬಿ ನೇತುಹಾಕಿದ ಬಲೆ ಬರಿದಾಗದಂತೆ ಕಾದೆ, ಸವಾರಿಗೆ ಮುಂಚೆಯೂ ಹುಲ್ಲು ತಿನ್ನಿಸಿದೆ. ಕಾಳು ಕಡಿಮೆ ಮಾಡಿ, ಅದನ್ನೂ ಸ್ವಲ್ಪಸ್ವಲ್ಪವಾಗಿ ಹಂಚಿದೆ. ಜೊತೆಗೊಂದು ಕುದುರೆಯಿಟ್ಟು ಬಯಲಿಗೆ ಬಿಟ್ಟೆ.

ವೈದ್ಯೆ ಮತ್ತೆ ಕೊಳವೆ ಇಳಿಸಿ ನೋಡಿ “ಮಾಯ್ದಿದೆ” ಎಂದ ದಿನ, ಹೆದರುತ್ತಲೇ ಹೊಟ್ಟೆಪಟ್ಟಿ ಬಿಗಿದೆ. ಸಿಡುಕಿ ಕಿವಿ ನೆಟ್ಟಗಿಟ್ಟು, ಮೆಲ್ಲುತ್ತ ನಿಂತಿದ್ದಳು.

“ಮಾರೋ ಮಾತು ಬಿಟ್ಟೆ,” ಎಂದರು ಚಿಕ್ಕಪ್ಪ. “ಅವಳದ್ದು ಮಾತ್ರ.”

“ಈಗ ಇವಳ ಮಿಮಿಕ್ರಿ!” ಎಂದರು ಕಲಿಯುವವರು. ಬಾಯಲ್ಲಿ ಹುಲ್ಲು ಕಚ್ಚಿ, ಸುಮ್ಮನೆ ಮೆಲ್ಲುತ್ತ ನಿಂತೆ. ಒಬ್ಬರೂ ನಗಲಿಲ್ಲ.

ಸಿಡುಕಿ ಕತ್ತು ಚಾಚಿ, ನನ್ನ ಬಾಯಲ್ಲಿದ್ದ ಹುಲ್ಲನ್ನು ಕಿತ್ತುಕೊಂಡು ತಿಂದಳು. ಆಗ ನಕ್ಕರು.