ತೊಳೆದ ಜೋಳ

ಕಾಮಾಕ್ಷಮ್ಮ ಸತ್ತ ಅಕ್ಕನ ಕೆನ್ನೆಗೆ ಒಂದು ಸಲ ಅರಿಶಿನ ಬಳಿದರು, ಮತ್ತೊಂದು ಸಲ ಬಳಿದರು, ಆಮೇಲೆ ಕೈಯನ್ನು ಅಲ್ಲೇ ನಿಲ್ಲಿಸಿ ಅಕ್ಕನ ಸೊಸೆ ರಂಜಿನಿಯ ಮುಖ ನೋಡಿದರು.

"ಅಚ್ಚಿದ್ದೇ ಕಾಣಕಿಲ್ವಲ್ಲವ್ವ. ಮೊದ್ಲೇ ಇಷ್ಟು ಅಳದಿ ಆಗ್ಬುಟ್ಟವ್ಳೆ."

ರಂಜಿನಿ ಚೊಂಬಿನಲ್ಲಿ ನೀರು ಮೊಗೆದು ಅತ್ತೆಯ ಕಾಲಿಗೆ ಹಾಕಿದಳು. ಮೊನ್ನೆ ಮೊನ್ನೆಯವರೆಗೂ ಅನಸೂಯಮ್ಮ ದುದ್ದದ ಬಸ್ಸು ಹಿಡಿಯಲು ಸರಸರನೆ ನಡೆದು ಹೋಗುತ್ತಿದ್ದ ಕಾಲು. ಇದ್ದಕ್ಕಿದ್ದಂತೆ ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು, ಹಾಸನದ ಆಸ್ಪತ್ರೆಯಲ್ಲಿ ಲಿವರ್ ಪೂರ್ತಿ ಹೋಗಿದೆ ಎಂದರು. "ಕುಡೀತಿದ್ರಾ?" ಎಂದು ಅಲ್ಲಿ ಕೇಳಿದ್ದಕ್ಕೆ ಮಾವ ಪುಟ್ಟರಾಜು ಡಾಕ್ಟರ ಮೇಲೆ ಕೈ ಎತ್ತಿಕೊಂಡು ಹೋಗಿದ್ದರು.

ಅಂಗಳದಲ್ಲಿ ಕೂತ ಗಂಡಸರಿಗೆ ಆ ಪ್ರಶ್ನೆ ಬಹಳ ರುಚಿಸಿತ್ತು.

"ಲಿವರು ಸುಮ್‌ಸುಮ್ನೆ ಓಯ್ತದೇನ್ಲಾ? ಏನೋ ಇರ್ಬೇಕು ಕಣ."

"ತಗಿಯಲಾ, ಆವಮ್ಮ ಕಾಪಿನೂ ಕುಡೀತಿರ್ನಿಲ್ಲ."

ಎದ್ದು ಹೋಗಿ ಅವರ ಬಾಯಿಗೆ ಸಗಣಿ ಮೆತ್ತಬೇಕೆನ್ನಿಸಿತು ರಂಜಿನಿಗೆ. ಆದರೆ ಅವಳನ್ನೂ ಬೇರೆ ಪ್ರಶ್ನೆಯೊಂದು ಕೊರೆಯುತ್ತಿತ್ತು. ಅತ್ತೆಯನ್ನು ತಿಂದದ್ದು ಇನ್ನೂ ಈ ಮನೆಯಲ್ಲೇ ಇದ್ದರೆ? ಅವಳು ಬೆಳಿಗ್ಗೆ ಹಾಸನದ ಗಾರ್ಮೆಂಟ್ಸಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೂ ಐದು ವರ್ಷದ ಮಗಳು ಧನ್ಯಾ ಅಜ್ಜಿಯ ಸೆರಗು ಬಿಟ್ಟವಳಲ್ಲ. ಮಗುವಿಗೂ ಏನಾದರೂ ಆಗಿದ್ದರೆ?

*

ಅನಸೂಯಮ್ಮ ಇನ್ನೂ ಗಟ್ಟಿಮುಟ್ಟಾಗಿದ್ದಾಗಿನ ಮಾತು. ಈ ಸಲ ಮುಸುಕಿನ ಜೋಳ ಕಾಳು ಕಟ್ಟುವಾಗ ಬಿಸಿಲು ಸುಟ್ಟಿತ್ತು, ತೆನೆ ಮುರಿಯುವಾಗ ಮಳೆ ಹಿಡಿದಿತ್ತು. ಟಾರ್ಪಾಲಿನ ಅಡಿಯಲ್ಲಿ ರಾಶಿ ಬೆವೆತು, ತೆನೆಗಳಿಗೆ ಹಸಿರು ಬೂಷ್ಟು ಬಂತು. ಒಳ್ಳೆಯದನ್ನು ಮಾರಿ, ಕೆಟ್ಟದ್ದನ್ನು ನುಚ್ಚು ಮಾಡಿಸಿ ಹಸುವಿಗೆ ಇಡುವುದು ಆ ಮನೆಯ ರೂಢಿ, ಊರಿನ ರೂಢಿಯೂ ಹೌದು. ನುಚ್ಚು ತಿಂದ ಹಸು ಮೇವು ಬಿಟ್ಟಿತು, ಹಾಲು ಇಳಿಸಿತು, ಕೊನೆಗೆ ದಿನ ತುಂಬುವ ಮೊದಲೇ ಕಂದು ಹಾಕಿತು.

ದನದ ಡಾಕ್ಟರು ಧನಂಜಯ್ ಬಂದು ನುಚ್ಚಿನ ಬಾನಿಗೆ ಕೈ ಹಾಕಿ ಮೂಸಿ ನೋಡಿದರು.

"ಇದು ವಿಷ ಕಣ್ರೀ. ಮೊದಲೆಲ್ಲ ಅಲ್ಲೊಂದು ಇಲ್ಲೊಂದು ತೆನೇಲಿ ಕಾಣ್ತಿತ್ತು. ಈಗ ಹೊಳೆನರಸೀಪುರ, ಅರಕಲಗೂಡು, ಎಲ್ಲಿ ಹೋದ್ರೂ ಇದೇ. ಬೂಷ್ಟಲ್ಲೂ ಸಾಧು ಜಾತಿ ಇದೆ, ವಿಷದ ಜಾತಿ ಇದೆ. ಈ ಬಿಸಿಲಿಗೆ ವಿಷದ್ದೇ ಗೆಲ್ತಿರೋ ಹಾಗೆ ಕಾಣುತ್ತೆ. ನೀವು ಕೆಟ್ಟ ತೆನೇನ ಹೊಲದಲ್ಲೇ ಎಸೀತೀರಿ, ಅದು ಮಣ್ಣಲ್ಲಿ ಕೂತು ಮುಂದಿನ ಬೆಳೆಗೆ ಕಾಯುತ್ತೆ. ಹಸುಗೆ ಒಂದು ಕಾಳೂ ಹಾಕ್ಬೇಡಿ."

"ಇವತ್ತೇ ತಿಪ್ಪೆಗೆ ಸುರಿದ್ಬುಡ್ತೀನಿ ಸಾ," ಎಂದ ರಂಜಿನಿಯ ಗಂಡ ಶಿವರಾಜು.

"ಬುಡು ಮಗ, ನಾನು ನೋಡ್ಕತೀನಿ. ನೀನು ಅಸೂನ ನೋಡು," ಎಂದರು ಅನಸೂಯಮ್ಮ.

ಎಲ್ಲರೂ ಹಸುವನ್ನೇ ನೋಡಿದರು. ಔಷಧಿ ಕುಡಿಸಿದರು, ಹೊಸ ಹಿಂಡಿ ತಂದರು, ಹಗಲೂ ರಾತ್ರಿ ಕೊಟ್ಟಿಗೆಯಲ್ಲೇ ಬಿದ್ದುಕೊಂಡರು. ಹಸು ಚೇತರಿಸಿಕೊಂಡಿತು. ಮೂಟೆಗಳು ಏನಾದವೆಂದು ಯಾರೂ ಕೇಳಲಿಲ್ಲ.

*

ಅನಸೂಯಮ್ಮನನ್ನು ಮಣ್ಣು ಮಾಡಿ ಬಂದವರು ದೀಪ ನೋಡಿ ಪಡಸಾಲೆಯಲ್ಲಿ ಕೂತರು. ಧನಂಜಯ್ ಕೂಡ ಬಂದಿದ್ದರು. ಸಾವಿನ ಮನೆಯಲ್ಲಿ ಅಂದು ಒಲೆ ಹಚ್ಚುವಂತಿಲ್ಲ. ಕಾಮಾಕ್ಷಮ್ಮ ಪಕ್ಕದ ಮನೆಯ ಒಲೆಯಲ್ಲಿ ರೊಟ್ಟಿ ತಟ್ಟಿ, ತಟ್ಟೆಗಳಲ್ಲಿ ಹಾಕಿ ಎಲ್ಲರ ಮುಂದಿಟ್ಟರು.

"ತಿನ್ನಿ. ಅಕ್ಕ ಮಾಡಿಸಿಟ್ಟಿದ್ದ ಇಟ್ಟು. ಅವಳ ಕೈಯಿಂದು ಇದೇ ಕೊನೇದು."

"ಯಾವ ಹಿಟ್ಟು ಚಿಕ್ಕತ್ತೆ?" ಎಂದಳು ರಂಜಿನಿ.

"ಮುಸುಕಿನ ಜೋಳದ್ದು ಕಣವ್ವ. ಓದ ಸಲ ನಮ್ಮೂರು ಮೊಸಳೆಯಿಂದ ಬಂದಾಗ ತೋರ್ಸಿದ್ಲು. ಎಸಿಯೋ ಕಾಳ್ನ ಬಿಸಿನೀರಲ್ಲಿ ತೊಳ್ದು ತೊಳ್ದು, ಒಣಗ್ಸಿ, ಬೀಸ್ಸಿವ್ನಿ, ಭೂಮ್ತಾಯಿ ಕೊಟ್ಟಿದ್ದು ಒಂದ್ ಕಾಳೂ ತಿಪ್ಪೆಗೆ ಓಗ್ಲಿಲ್ಲ ಅಂತ ಎಷ್ಟು ಜಂಬ ಕೊಚ್ಕೊಂಡ್ಲು ಗೊತ್ತಾ?"

ರಂಜಿನಿ ತಟ್ಟನೆ ತಿರುಗಿ ನೋಡಿದಳು. ಮಾವ ಮುರಿದ ರೊಟ್ಟಿಯನ್ನು ಬಾಯಿಯ ಹತ್ತಿರ ಒಯ್ಯುತ್ತಿದ್ದರು. ಅವಳು ನುಗ್ಗಿ ಅವರ ಕೈಗೆ ಹೊಡೆದಳು. ಗಂಡನ ತಟ್ಟೆ ಕಿತ್ತುಕೊಂಡಳು, ಯಾರು ಎತ್ತ ಎಂದು ನೋಡದೆ ಎಲ್ಲರ ತಟ್ಟೆಗಳನ್ನೂ ಎಳೆದೆಳೆದು ಅಂಗಳಕ್ಕೆ ಎಸೆದಳು.

"ಸಾವಿನ್ ಮನೇಲಿ ಉಣ್ಣೋರ ತಟ್ಟೆ ಕಿತ್ಕತಾಳಲ್ರೋ! ಇಡ್ಕಳ್ರೋ ಅವಳ್ನ!" ಯಾರೋ ಕೂಗಿದರು.

"ತಲೆ ಕೆಟ್ಟದಾ ನಿಂಗೆ?" ಶಿವರಾಜು ಅವಳ ರಟ್ಟೆ ಹಿಡಿದ.

"ಅತ್ತೆ ಆ ಜೋಳ ಎಸೀಲಿಲ್ಲ ರೀ! ತಿಂದ್ರು! ಹಸುಗೆ ಬೇಡ ಅಂದಿದ್ದನ್ನ ತಾವು ತಿಂದ್ರು!"

ಶಿವರಾಜು ಅವಳ ರಟ್ಟೆ ಬಿಟ್ಟು ಧನಂಜಯ್ ಕಡೆ ತಿರುಗಿದ. ಧನಂಜಯ್ ಅಂಗಳಕ್ಕಿಳಿದು ಒಂದು ಚೂರು ರೊಟ್ಟಿ ಎತ್ತಿಕೊಂಡರು.

"ತೊಳೆದ್ರೆ ಬಣ್ಣ ಹೋಗುತ್ತೆ ಅಷ್ಟೇ. ವಿಷ ಹೋಗಲ್ಲ. ಒಲೆ ಮೇಲೆ ಬೆಂದ್ರೂ ಹೋಗಲ್ಲ. ಮನುಷ್ಯರು ತಿಂತಾರೆ ಅಂತ ನಂಗೆ ಹೊಳೀಲೇ ಇಲ್ಲ... ಮನೇಲಿ ಇನ್ಯಾರು ತಿಂದಿದ್ದೀರಿ? ಬೇಗ ಹೇಳಿ."

ಕಾಮಾಕ್ಷಮ್ಮ ತಾವು ಹಿಟ್ಟು ನಾದಿದ ಕೈಗಳನ್ನೇ ನೋಡಿಕೊಂಡರು. ಪುಟ್ಟರಾಜು ತಡೆದು ತಡೆದು ಮಾತಾಡಿದರು.

"ನಾವೆಲ್ಲ ಮುದ್ದೆನೇ ಉಂಡಿದ್ದು ಸಾ. ರೊಟ್ಟಿ ಅವಳೊಬ್ಳೇ ಮದ್ಯಾನದೊತ್ತು ತಟ್ಕತಿದ್ಲು. ನಂಗೂ ಒಂದ್ ಚೂರು ಕೊಡೇ ಅಂದ್ರೆ, ನಿಮಗೆ ಮುದ್ದೆ ಐತಲ್ಲ ಅನ್ನೋಳು."

ಅವಳೊಬ್ಬಳೇ. ರಂಜಿನಿಯ ಎದೆ ಹಗುರಾಯಿತು. ಹಗುರಾದದ್ದಕ್ಕೆ ಅವಳಿಗೇ ನಾಚಿಕೆಯೂ ಆಯಿತು, ಅತ್ತೆಗಾಗಿ ಅಳುವೂ ಬಂತು, ಅವರ ಮೇಲೆ ಕೋಪವೂ ಬಂತು.

ಪಕ್ಕದ ಮನೆಯಲ್ಲಿ ಮಲಗಿದ್ದ ಧನ್ಯಾ ಗದ್ದಲಕ್ಕೆ ಎದ್ದು ಬಂದಿದ್ದಳು. ಅಂಗಳದಲ್ಲಿ ಬಿದ್ದ ರೊಟ್ಟಿಗಳನ್ನು ನೋಡಿ ಮುಖ ಸಣ್ಣ ಮಾಡಿದಳು.

"ಇದು ದೊಡ್ಡೋರ ರೊಟ್ಟಿ. ಅಜ್ಜಿ ನಂಗೆ ಇದೇ ಹಿಟ್ಟಲ್ಲಿ ಪುಟ್ಟದು ತಟ್ಟೋಳು, ಬೆಲ್ಲ ಇಟ್ಟು."

ಧನಂಜಯ್ ಮಗುವಿನ ಮುಂದೆ ಮಂಡಿಯೂರಿ ಕೂತರು.

"ಎಷ್ಟು ದೊಡ್ಡದು ಪುಟ್ಟಿ, ನಿನ್ನ ರೊಟ್ಟಿ?"

ಧನ್ಯಾ ಎರಡೂ ಕೈಗಳ ಬೆರಳು ಜೋಡಿಸಿ ಒಂದು ಪುಟ್ಟ ವೃತ್ತ ಮಾಡಿ ತೋರಿಸಿದಳು. ಅಮ್ಮನ ಮುಖ ಬಿಳುಚಿಕೊಂಡದ್ದನ್ನು ಕಂಡಳು. ಕಡಿಮೆ ತಿಂದದ್ದಕ್ಕೆ ಅಮ್ಮನಿಗೆ ಬೇಜಾರಾಯಿತೆಂದುಕೊಂಡು, ಬೆರಳು ಬಿಡಿಸಿ ಆ ವೃತ್ತವನ್ನು ಇನ್ನೂ ಅಗಲ, ಇನ್ನೂ ಅಗಲ ಮಾಡುತ್ತ ಹೋದಳು.